ಪಾಳುನೆಲವೂ ಪಾಠಶಾಲೆಯೇ

ಉಳದೆ ಬಿಟ್ಟ ಹೊಲವನ್ನು ಬೀಳು ಎನ್ನುತ್ತಾರೆ. ಆರೈಕೆ ತಪ್ಪಿದ ನೆಲವನ್ನು ಪಾಳು ಎನ್ನುತ್ತಾರೆ. ಎರಡು ಮಾತುಗಳೂ ಮನುಷ್ಯನ ಉಪಯೋಗವೊಂದನ್ನೇ ಅಳತೆಗೋಲಾಗಿ ಹಿಡಿದು ಹುಟ್ಟಿದವು. ಕಪ್ಪೆಗೂ ಚಿಟ್ಟೆಗೂ ಅದು ಪಾಳಲ್ಲ, ಮನೆ. ನಗರದ ನಡುವೆ ಕಸ ತುಂಬಿ ಬಿದ್ದ ನಿವೇಶನವನ್ನು ಶಾಲಾಮಕ್ಕಳ ಕೈಯಿಂದಲೇ ಇಂಥ ಜೀವಿಗಳ ನೆಲೆಯಾಗಿಸುವ ಕಾರ್ಯವು ವಿದ್ಯಾಸಂಸ್ಥೆಗಳು ಗಂಭೀರವಾಗಿ ವಿಚಾರಿಸತಕ್ಕ ವಿಷಯವಾಗಿದೆ.

ಇದಕ್ಕೆ ಲಂಡನ್ ನಗರದಲ್ಲಿ ಎರಡು ನಿದರ್ಶನಗಳಿವೆ. ಥೇಮ್ಸ್ ನದಿಯ ದಕ್ಷಿಣ ದಂಡೆಯಲ್ಲಿ, ಟವರ್ ಬ್ರಿಜ್ಜಿನ ಸಮೀಪ, ಲಾರಿಗಳು ನಿಲ್ಲುತ್ತಿದ್ದ ಸುಮಾರು 2 ಎಕರೆ ನೆಲದಲ್ಲಿ 1977ರಲ್ಲಿ ಒಂದು ನಿಸರ್ಗೋದ್ಯಾನ ತೆರೆಯಿತು. ಇದರ ಹಿಂದೆ ನಿಂತವರು ಪಕ್ಷಿಶಾಸ್ತ್ರಜ್ಞ ಮ್ಯಾಕ್ಸ್ ನಿಕಲ್ಸನ್. 18ನೆಯ ಶತಮಾನದಲ್ಲಿ ಲಂಡನ್ನಿನ ಸಸ್ಯಗಳನ್ನು ಕುರಿತು ಗ್ರಂಥ ರಚಿಸಿದ ವಿಲಿಯಂ ಕರ್ಟಿಸನ ಹೆಸರನ್ನು ಅದಕ್ಕಿಟ್ಟರು. ಗಟ್ಟಿ ನೆಲಕ್ಕೆ ಮಣ್ಣು ತಂದು ಹರಡಿ, ಕೊಳ ತೋಡಿ, ಗಿಡ ನೆಟ್ಟರು. ಶಾಲಾಮಕ್ಕಳು ಬಂದು ಕೊಳದ ಹುಳುಗಳನ್ನೂ ಹುಲ್ಲಿನ ಹೂಗಳನ್ನೂ ಕಣ್ಣಾರೆ ಕಂಡು ಕಲಿತರು. ಆದರೆ ಆ ನೆಲ ದೊರೆತದ್ದು ತಾತ್ಕಾಲಿಕವಾಗಿ. 1985ರಲ್ಲಿ ಅದನ್ನು ಒಡೆಯರಿಗೆ ಹಿಂದಿರುಗಿಸಬೇಕಾಯಿತು, ಉದ್ಯಾನ ಅಳಿಯಿತು. ಅದೇ ವರ್ಷ ಅದೇ ನಗರದ ಕಿಂಗ್ಸ್ ಕ್ರಾಸ್ ಬಳಿ, ಕಾಲುವೆಯ ದಂಡೆಯಲ್ಲಿದ್ದ ಹಳೆಯ ಕಲ್ಲಿದ್ದಲಿನ ಅಂಗಳದಲ್ಲಿ, ಕ್ಯಾಮ್ಲಿ ಸ್ಟ್ರೀಟ್ ನಿಸರ್ಗೋದ್ಯಾನ ತೆರೆಯಿತು. ಅದಕ್ಕೆ ಸ್ಥಳೀಯ ನಿಸರ್ಗಧಾಮವೆಂಬ ಮಾನ್ಯತೆ ದೊರೆಯಿತು. ಅದು ಇಂದಿಗೂ ಉಳಿದಿದೆ.

ಇಂಥ ತೋಟಕ್ಕೂ ಅಲಂಕಾರದ ತೋಟಕ್ಕೂ ಉದ್ದೇಶದಲ್ಲಿಯೇ ಭೇದವುಂಟು. ಅಲಂಕಾರದ ತೋಟದಲ್ಲಿ ಹುಳು ತಿಂದ ಎಲೆ ದೋಷ. ಇಲ್ಲಿ ಅದೇ ಫಲ. ಎಕ್ಕದ ಎಲೆಯನ್ನೂ ಕರಿಬೇವಿನ ಎಲೆಯನ್ನೂ ತಿಂದು ಬೆಳೆಯುವ ಬೇರೆ ಬೇರೆ ಚಿಟ್ಟೆಗಳಿವೆ. ಆ ಹುಳುವನ್ನು ಹೊಸಕಿ ಹಾಕಿದವನಿಗೆ ಚಿಟ್ಟೆಯನ್ನು ಕಾಣುವ ಭಾಗ್ಯವಿಲ್ಲ. ಈ ಕಾರ್ಯಕಾರಣವನ್ನು ಪುಸ್ತಕದಲ್ಲಿ ಓದಿದ ಬಾಲಕ ಪರೀಕ್ಷೆಯ ಮರುದಿನ ಮರೆತಾನು. ದಿನವೂ ಗಿಡದ ಬಳಿ ಕುಳಿತು ಕಂಡವನು ಮರೆಯಲಾರನು. ಕಾಯುವ ತಾಳ್ಮೆ, ಕಂಡದ್ದನ್ನು ಕಂಡಂತೆ ಬರೆಯುವ ಪ್ರಾಮಾಣಿಕತೆ, ತನಗೆ ಲಾಭವಿಲ್ಲದ ಜೀವಿಯಲ್ಲಿಯೂ ಆದರ, ಇವು ಅಲ್ಲಿ ದೊರೆಯುವ ವಿದ್ಯೆ.

ಆಕ್ಷೇಪಗಳಿಲ್ಲದಿಲ್ಲ. ಹಾವು ಬರುವುದೆಂಬ ಭಯ ನಿರಾಧಾರವಲ್ಲ. ಕಾಲುದಾರಿಯನ್ನು ಹುಲ್ಲಿಲ್ಲದಂತೆ ಇಡುವುದು, ಅಧ್ಯಾಪಕರಿಲ್ಲದೆ ಮಕ್ಕಳನ್ನು ಬಿಡದಿರುವುದು ಅವಶ್ಯ. ಕೊಳದಿಂದ ಸೊಳ್ಳೆ ಹೆಚ್ಚುವುದೆಂಬ ಮಾತೂ ಉಂಟು. ಆದರೆ ಕೊಳೆತು ನಿಂತ ನೀರು ಬೇರೆ, ಮೀನೂ ಏರೋಪ್ಲೇನ್ ಚಿಟ್ಟೆಯ ಮರಿಗಳೂ ಸೊಳ್ಳೆಯ ಮರಿಗಳನ್ನು ತಿನ್ನುವ ಜೀವಂತ ಕೊಳ ಬೇರೆ. ಇದಕ್ಕಿಂತ ಗಹನವಾದ ಆತಂಕವೆಂದರೆ ಉತ್ಸಾಹದ ಅಲ್ಪಾಯುಷ್ಯ. ವನಮಹೋತ್ಸವದ ದಿನ ಸಸಿ ನೆಟ್ಟು, ಬೇಸಗೆಯ ರಜೆಯಲ್ಲಿ ನೀರೆರೆಯುವವರಿಲ್ಲದೆ ಅದು ಒಣಗಿದರೆ, ಮಕ್ಕಳು ಕಲಿಯುವುದು ಆ ಅನಾದರವನ್ನೇ. ಆದುದರಿಂದ ಸಸಿಗಳ ಸಂಖ್ಯೆಗಿಂತ ರಜೆಯ ದಿನಗಳ ಸರದಿಯನ್ನು ಮೊದಲು ಗೊತ್ತುಮಾಡುವುದು ಲೇಸು.

ಲಂಡನ್ನಿನ ಎರಡು ತೋಟಗಳು ಕಲಿಸುವ ಮುಖ್ಯ ಪಾಠ ದಾನಿಗಳಿಗೆ ಸಂಬಂಧಿಸಿದುದು. ಒಂದು ಅಳಿದು ಇನ್ನೊಂದು ಉಳಿದುದರಲ್ಲಿ ನೆಲದ ಭದ್ರತೆಯೇ ಪ್ರಧಾನ. ಕನ್ನಡನಾಡಿನ ಪ್ರಾಚೀನ ದಾನಶಾಸನಗಳನ್ನು ಬರೆಸಿದವರು ಇದನ್ನು ಚೆನ್ನಾಗಿ ಬಲ್ಲವರಾಗಿದ್ದರು. ಅವರು ಭೂಮಿಯ ಎಲ್ಲೆಗಳನ್ನು ನಿರ್ದೇಶಿಸಿ, ಆಚಂದ್ರಾರ್ಕವಾಗಿ ಸಲ್ಲಲೆಂದು ಕಲ್ಲಿನಲ್ಲಿ ಕೆತ್ತಿಸಿದರು. ಕಟ್ಟಡಕ್ಕೆ ಕೊಟ್ಟ ದಾನದ ಹೆಸರು ಗೋಡೆಯ ಮೇಲೆ ಕಾಣುತ್ತದೆ. ಬಯಲಿಗೆ ಕೊಟ್ಟ ದಾನಕ್ಕೆ ಗೋಡೆಯೇ ಇರದು. ಆದರೂ ಶಾಲೆಯ ಮಗ್ಗುಲಿನ ಅರ್ಧ ಎಕರೆಯನ್ನಾದರೂ, ಮುಂದೆ ಕಟ್ಟಡ ಏಳದಂತೆ ಪತ್ರದಲ್ಲಿ ಸ್ಪಷ್ಟಪಡಿಸಿ, ಮಕ್ಕಳಿಗೂ ಮೂಕಜೀವಿಗಳಿಗೂ ಬಿಟ್ಟುಕೊಡುವ ದಾನಿಯ ಪುಣ್ಯ ಕೆರೆ ಕಟ್ಟಿಸಿದವನ ಪುಣ್ಯಕ್ಕೆ ಕಡಿಮೆಯಾದುದಲ್ಲ. ಅಂಥ ನೆಲದಲ್ಲಿ ಇಂದು ಸಸಿಗೆ ನೀರೆರೆದ ಬಾಲಕನ ಮಕ್ಕಳು ನಾಳೆ ಅದೇ ಮರದ ನೆರಳಿನಲ್ಲಿ ಪಾಠ ಕೇಳುವಂತಾಗಲಿ.