ಮನೆಯಂಥ ಟ್ರಕ್ಕಿಗೆ ಸರಕು ಕೊಡುವವರು ಯಾರು?

ಅಮೆರಿಕದ ಹೆದ್ದಾರಿಗಳಲ್ಲಿ ಒಮ್ಮೊಮ್ಮೆ ವಿಚಿತ್ರವಾದ ಟ್ರಕ್ಕೊಂದು ಕಣ್ಣಿಗೆ ಬೀಳುತ್ತದೆ. ಮುಂದೆ ಉದ್ದ ಮೂತಿಯ ಎಂಜಿನ್, ಅದರ ಹಿಂದೆ ಚಾಲಕನ ಕ್ಯಾಬಿನ್, ಕ್ಯಾಬಿನ್ನಿಗೆ ಅಂಟಿಕೊಂಡಂತೆ ಹತ್ತು ಹದಿನೈದು ಅಡಿ ಉದ್ದದ ಕೋಣೆ, ಕೊನೆಯಲ್ಲಿ ಸರಕು ತುಂಬಿದ ಟ್ರೇಲರ್. ಕೋಣೆಯೊಳಗೆ ಇಬ್ಬರು ಮಲಗುವ ಹಾಸಿಗೆ, ಒಲೆ, ಫ್ರಿಜ್, ಊಟದ ಮೇಜು, ಸ್ನಾನದ ಮನೆ, ಶೌಚಾಲಯ ಎಲ್ಲವೂ ಇರುತ್ತವೆ. ಇದಕ್ಕೆ ‘ಕಸ್ಟಮ್ ಸ್ಲೀಪರ್’ ಎಂದು ಹೆಸರು. ಮಾಲೀಕನ ಬಯಕೆಗೆ ತಕ್ಕಂತೆ ಇದನ್ನು ಕಟ್ಟಿಕೊಡುವ ಕಾರ್ಖಾನೆಗಳು ಇಂಡಿಯಾನಾ ರಾಜ್ಯದಲ್ಲಿವೆ.

ನೋಡಿದವರಿಗೆ ಇದಕ್ಕಿಂತ ಸುಖದ ಸಂಪಾದನೆ ಇನ್ನಿಲ್ಲ ಎನಿಸಬಹುದು. ಆದರೆ ಸಾಲ ಮಾಡಿ ಇಂಥ ಟ್ರಕ್ಕು ಕೊಂಡವನು ಸಾಗಣೆ ಕಂಪನಿಗಳ ಬಾಗಿಲು ತಟ್ಟಿದಾಗ, ‘ನಿಮ್ಮ ಗಾಡಿ ನಮಗೆ ಹೊಂದುವುದಿಲ್ಲ’ ಎಂಬ ಉತ್ತರ ಬರುವುದುಂಟು. ಗಾಡಿ ಹೊಸದು, ಚಾಲಕ ಅನುಭವಿ, ಆದರೂ ಕೆಲಸವಿಲ್ಲ. ಸಾಲದ ಕಂತು ಮಾತ್ರ ತಿಂಗಳು ತಪ್ಪದೆ ಬರುತ್ತದೆ. ಹೀಗಾಗುವುದೇಕೆ?

ಗಾಡಿ ಸ್ವಂತದ್ದು, ಪರವಾನಗಿ ಕಂಪನಿಯದು

ಸ್ವಂತ ಟ್ರಕ್ಕನ್ನು ತಾನೇ ಓಡಿಸುವವನನ್ನು ಅಲ್ಲಿ ‘ಓನರ್ ಆಪರೇಟರ್’ ಎನ್ನುತ್ತಾರೆ. ಇಂಥವರಲ್ಲಿ ಅನೇಕರು ಸ್ವಂತ ಸಾಗಣೆ ಪರವಾನಗಿ ಪಡೆಯುವ ಬದಲು ತಮ್ಮ ಟ್ರಕ್ಕನ್ನು ಚಾಲಕ ಸಮೇತ ಒಂದು ಸಾಗಣೆ ಕಂಪನಿಗೆ ಗುತ್ತಿಗೆ ಕೊಡುತ್ತಾರೆ. ಕರ್ನಾಟಕದ ಊರುಗಳಲ್ಲಿ ಲಾರಿಯನ್ನು ಟ್ರಾನ್ಸ್‌ಪೋರ್ಟ್ ಕಂಪನಿಗೆ ‘ಅಟ್ಯಾಚ್’ ಮಾಡುವ ಪದ್ಧತಿಯನ್ನು ಬಲ್ಲವರಿಗೆ ಇದು ಸುಲಭವಾಗಿ ಅರ್ಥವಾದೀತು. ಕಂಪನಿ ಸರಕು ಒದಗಿಸುತ್ತದೆ. ಟ್ರಕ್ಕು ಕಂಪನಿಯ ಪರವಾನಗಿಯ ಮೇಲೆ ಓಡುತ್ತದೆ. ಗುತ್ತಿಗೆಯ ಅವಧಿಯಲ್ಲಿ ಅದರ ಬಳಕೆಯ ಹೊಣೆ ಕಾನೂನಿನ ಪ್ರಕಾರ ಕಂಪನಿಯದು. ಆದ್ದರಿಂದಲೇ ಎಂಥ ಗಾಡಿಯನ್ನು ಸೇರಿಸಿಕೊಳ್ಳಬೇಕು ಎಂಬುದನ್ನು ಕಂಪನಿ ತೂಗಿ ನೋಡುತ್ತದೆ.

ಕೋಣೆ ಬೆಳೆದ ಬಗೆ

ಕೇಂದ್ರ ಸರಕಾರದ ನಿಯಮದಂತೆ ಟ್ರಕ್ಕಿನ ಮಲಗುವ ಜಾಗಕ್ಕೆ ಕನಿಷ್ಠ 75 ಅಂಗುಲ ಉದ್ದ, 24 ಅಂಗುಲ ಅಗಲವಿದ್ದರೆ ಸಾಕು. ರೈಲಿನ ಬರ್ತನ್ನು ನೆನಪಿಸುವ ಅಳತೆ ಇದು. ಹಿಂದೆ ಅನೇಕ ರಾಜ್ಯಗಳು ಟ್ರಕ್ಕು ಮತ್ತು ಟ್ರೇಲರ್ ಎರಡೂ ಸೇರಿದ ಒಟ್ಟು ಉದ್ದಕ್ಕೆ ಮಿತಿ ಹಾಕಿದ್ದವು. ಕ್ಯಾಬಿನ್ ಒಂದಡಿ ಬೆಳೆದರೆ ಸರಕಿನ ಜಾಗ ಒಂದಡಿ ಕುಗ್ಗುತ್ತಿತ್ತು. 1982ರ ಸಾರಿಗೆ ಕಾಯಿದೆಯಿಂದ ಪರಿಸ್ಥಿತಿ ಬದಲಾಯಿತು. ರಾಷ್ಟ್ರೀಯ ಜಾಲಕ್ಕೆ ಸೇರಿದ ಹೆದ್ದಾರಿಗಳಲ್ಲಿ ರಾಜ್ಯಗಳು ಟ್ರೇಲರಿನ ಉದ್ದವನ್ನು ನಿಯಂತ್ರಿಸಬಹುದು, ಒಟ್ಟು ಉದ್ದವನ್ನಲ್ಲ ಎಂದಾಯಿತು. ದೊಡ್ಡ ಕೋಣೆಗಳಿಗೆ ದಾರಿ ತೆರೆದದ್ದು ಹೀಗೆ.

ದೊಡ್ಡ ಕೋಣೆ ಬರೀ ಶೋಕಿಯಲ್ಲ. ಅಲ್ಲಿನ ನಿಯಮದ ಪ್ರಕಾರ ಸರಕು ಟ್ರಕ್ಕಿನ ಚಾಲಕ ಸತತ ಹತ್ತು ಗಂಟೆ ವಿಶ್ರಾಂತಿ ಪಡೆದ ಮೇಲೆ ಹೆಚ್ಚೆಂದರೆ ಹನ್ನೊಂದು ಗಂಟೆ ಗಾಡಿ ಓಡಿಸಬಹುದು. ಇಬ್ಬರು ಸರದಿಯಲ್ಲಿ ಓಡಿಸಿದರೆ ಒಬ್ಬರು ನಿದ್ದೆ ಮಾಡುವಾಗಲೂ ಟ್ರಕ್ಕು ಮುಂದೆ ಸಾಗುತ್ತಿರುತ್ತದೆ. ಇಂಥ ಜೋಡಿಗಳಲ್ಲಿ ಗಂಡ ಹೆಂಡತಿಯರೂ ಇದ್ದಾರೆ. ವಾರಗಟ್ಟಲೆ ರಸ್ತೆಯಲ್ಲೇ ಸಂಸಾರ ಮಾಡುವವರಿಗೆ ಸ್ನಾನ, ಅಡಿಗೆ, ನೆಮ್ಮದಿಯ ನಿದ್ದೆ ಆರೋಗ್ಯದ ಪ್ರಶ್ನೆಯೂ ಹೌದು, ಸುರಕ್ಷತೆಯ ಪ್ರಶ್ನೆಯೂ ಹೌದು.

ತೂಕದ ಲೆಕ್ಕ

ಉದ್ದಕ್ಕೆ ರಿಯಾಯಿತಿ ಕೊಟ್ಟ ಕಾನೂನು ತೂಕಕ್ಕೆ ಕೊಡಲಿಲ್ಲ. ಅಂತರರಾಜ್ಯ ಹೆದ್ದಾರಿಯಲ್ಲಿ ವಿಶೇಷ ಅನುಮತಿ ಇಲ್ಲದೆ ಟ್ರಕ್ಕು, ಟ್ರೇಲರ್, ಡೀಸೆಲ್, ಸರಕು ಎಲ್ಲ ಸೇರಿ 80,000 ಪೌಂಡ್, ಅಂದರೆ ಸುಮಾರು 36.3 ಟನ್ ಮೀರುವಂತಿಲ್ಲ. ಇಲ್ಲಿ ಶಾಲೆಯ ಹುಡುಗರೂ ಮಾಡಬಹುದಾದ ಒಂದು ಲೆಕ್ಕವಿದೆ.

ಮಾಮೂಲಿ ಟ್ರಕ್ಕು 8 ಟನ್, ಖಾಲಿ ಟ್ರೇಲರ್ 6.5 ಟನ್ ಎಂದಿಟ್ಟುಕೊಳ್ಳೋಣ. ಸರಕಿಗೆ ಉಳಿಯುವುದು 21.8 ಟನ್. ದೊಡ್ಡ ಕೋಣೆಯಿಂದಾಗಿ ಟ್ರಕ್ಕಿನ ತೂಕ 11 ಟನ್ ಆಯಿತೆನ್ನಿ. ಆಗ ಉಳಿಯುವುದು 18.8 ಟನ್ ಮಾತ್ರ. ಸರಕಿನ ಮಾಲೀಕರು ಎಷ್ಟೋ ಸಲ 20 ಟನ್ನಿನ ಲೋಡು ಕೊಡುತ್ತಾರೆ. ಮೊದಲ ಟ್ರಕ್ಕು ಅದನ್ನು ಹೊತ್ತೀತು, ಎರಡನೆಯದು ಹೊರುವಂತಿಲ್ಲ. ಸ್ನಾನದ ಮನೆಯೂ ನೀರಿನ ಟ್ಯಾಂಕೂ ಸರಕಿನ ಪಾಲನ್ನು ತಿಂದಿರುತ್ತವೆ. ಇದಲ್ಲದೆ ಒಂದೊಂದು ಆಕ್ಸಲ್ ಮೇಲೆ ಬೀಳುವ ಭಾರಕ್ಕೂ ಬೇರೆ ಮಿತಿ ಇದೆ. ಒಟ್ಟು ತೂಕ ಸರಿಯಿದ್ದೂ ಮುಂದಿನ ಆಕ್ಸಲ್ ಮೇಲೆ ಭಾರ ಹೆಚ್ಚಾದರೆ ತೂಕದ ಠಾಣೆಯಲ್ಲಿ ದಂಡ ತಪ್ಪದು.

ತಿರುವಿನ ಕಷ್ಟ

ಎರಡನೆಯ ತೊಡಕು ಉದ್ದದ್ದೇ. ಹೆದ್ದಾರಿ ಬಿಟ್ಟು ಊರೊಳಗೆ ಇಳಿದ ಕೂಡಲೆ ಸ್ಥಳೀಯ ನಿಯಮಗಳು ಎದುರಾಗುತ್ತವೆ. ನ್ಯೂಯಾರ್ಕ್ ನಗರದ ಬೀದಿಗಳಲ್ಲಿ ಟ್ರಕ್ಕು ಮತ್ತು ಟ್ರೇಲರ್ ಸೇರಿ 55 ಅಡಿ ಎಂಬುದು ಸಾಮಾನ್ಯ ಮಿತಿ. ಕ್ಯಾಲಿಫೋರ್ನಿಯಾದಲ್ಲಿ ರಾಷ್ಟ್ರೀಯ ಜಾಲಕ್ಕೆ ಸೇರದ ಅನೇಕ ರಸ್ತೆಗಳಲ್ಲಿ 65 ಅಡಿ. ಬಳಕೆಯಲ್ಲಿರುವ ಟ್ರೇಲರೊಂದೇ 53 ಅಡಿ ಉದ್ದ ಇರುವಾಗ ಅದಕ್ಕೆ ಉದ್ದ ಟ್ರಕ್ಕು ಕಟ್ಟಿದರೆ ಗತಿಯೇನು? ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವಿನ ಅಂತರ ಹೆಚ್ಚಿದಷ್ಟೂ ತಿರುಗಲು ಹೆಚ್ಚು ಜಾಗ ಬೇಕು. ಇಕ್ಕಟ್ಟಾದ ಗೋದಾಮಿನ ಅಂಗಳದಲ್ಲಿ ಹಿಮ್ಮುಖವಾಗಿ ನಿಲ್ಲಿಸುವುದು ನುರಿತವರಿಗೂ ಪರೀಕ್ಷೆಯೇ. ಆದ್ದರಿಂದ ಕೆಲವು ಕಂಪನಿಗಳು ಈ ಅಂತರಕ್ಕೂ ಖಾಲಿ ಟ್ರಕ್ಕಿನ ತೂಕಕ್ಕೂ ತಮ್ಮದೇ ಮಿತಿ ಇಟ್ಟುಕೊಳ್ಳುತ್ತವೆ.

ಒಪ್ಪುವವರು ಯಾರು?

ಹಾಗಾದರೆ ಇಂಥ ಟ್ರಕ್ಕಿಗೆ ಕೆಲಸವೇ ಇಲ್ಲವೆ? ಇದೆ. ಭಾರ ಕಡಿಮೆ, ಬೆಲೆ ಅಥವಾ ಅವಸರ ಹೆಚ್ಚು ಇರುವ ಸರಕನ್ನು ಸಾಗಿಸುವ ಕಂಪನಿಗಳಲ್ಲಿ ಹುಡುಕಬೇಕು. ಮನೆ ಸಾಮಾನು, ವಸ್ತುಪ್ರದರ್ಶನದ ಸಲಕರಣೆ, ಕಲಾಕೃತಿ, ಸೂಕ್ಷ್ಮ ಯಂತ್ರೋಪಕರಣ, ಕಾರ್ಖಾನೆಗೆ ತುರ್ತಾಗಿ ಬೇಕಾದ ಬಿಡಿಭಾಗ ಇವೆಲ್ಲ ಇಂಥವು. ಇಬ್ಬರು ಚಾಲಕರಿರಲೇಬೇಕು ಎಂಬ ಷರತ್ತಿನ ಸರಕೂ ಉಂಟು. ಲ್ಯಾಂಡ್‌ಸ್ಟಾರ್‌ನಂಥ ಕಂಪನಿಗಳು ಸ್ವಂತ ಟ್ರಕ್ಕಿರುವ ಗುತ್ತಿಗೆದಾರರನ್ನೇ ನೆಚ್ಚಿಕೊಂಡು ವ್ಯವಹಾರ ಕಟ್ಟಿವೆ. ಅಂಥ ಕಡೆ ಮೊದಲು ವಿಚಾರಿಸುವುದು ಜಾಣತನ.

ಸ್ವಂತ ಪರವಾನಗಿ ಇನ್ನೊಂದು ದಾರಿ. ಆಗ ಬೇಡವೆನ್ನುವ ಕಂಪನಿ ಇರುವುದಿಲ್ಲ. ಆದರೆ ಸಾಮಾನ್ಯ ಸರಕಿಗೇ ಕನಿಷ್ಠ 7,50,000 ಡಾಲರ್ ಮೊತ್ತದ ಹೊಣೆಗಾರಿಕೆ ವಿಮೆ ಬೇಕು. ಸರಕನ್ನೂ ತಾನೇ ಹುಡುಕಬೇಕು. ತೂಕದ ಲೆಕ್ಕವಂತೂ ಅಲ್ಲಿಯೂ ಬದಲಾಗುವುದಿಲ್ಲ.

ಸಹಿ ಹಾಕುವ ಮೊದಲು

ಕಂಪನಿಯೊಡನೆ ಮಾತಾಡುವಾಗ ‘ಸ್ಲೀಪರ್ ದೊಡ್ಡದಿದೆ, ನಡೆಯುತ್ತದೆಯೆ?’ ಎಂದು ಕೇಳಿದರೆ ಸಾಲದು. ಚಕ್ರಗಳ ನಡುವಿನ ಅಂತರ, ಖಾಲಿ ತೂಕ, ಮುಂದಿನ ಆಕ್ಸಲ್ಲಿನ ಭಾರ, ಎಂಜಿನ್ ತಯಾರಾದ ವರ್ಷ ಇಷ್ಟನ್ನೂ ಅಂಕಿಗಳಲ್ಲಿ ಬರೆದುಕೊಟ್ಟು ಒಪ್ಪಿಗೆಯನ್ನು ಬರವಣಿಗೆಯಲ್ಲೇ ಪಡೆಯಬೇಕು. ಕ್ಯಾಲಿಫೋರ್ನಿಯಾದ ವಾಯುಮಾಲಿನ್ಯ ನಿಯಮಗಳು 2023ರಿಂದ ಹಳೆಯ ಎಂಜಿನ್‌ಗಳಿಗೆ ಬಹುಮಟ್ಟಿಗೆ ಬಾಗಿಲು ಮುಚ್ಚಿರುವುದರಿಂದ ಎಂಜಿನ್ನಿನ ವರ್ಷವೂ ಮುಖ್ಯ.

ಗುತ್ತಿಗೆ ಪತ್ರದ ಬಗ್ಗೆ ಕೇಂದ್ರದ ನಿಯಮಗಳು ಸ್ಪಷ್ಟವಾಗಿವೆ. ಸರಕು ತಲುಪಿಸಿದ ಕಾಗದಪತ್ರ ಒಪ್ಪಿಸಿದ 15 ದಿನಗಳೊಳಗೆ ಹಣ ಸಲ್ಲಬೇಕು. ಬಾಡಿಗೆಯಲ್ಲಿ ಶೇಕಡಾವಾರು ಪಾಲು ಎಂದಿದ್ದರೆ ಮೂಲ ಬಿಲ್ಲಿನ ಪ್ರತಿಯನ್ನು ತೋರಿಸಬೇಕು. ಗುತ್ತಿಗೆ ಮುಗಿದ 45 ದಿನಗಳೊಳಗೆ ಠೇವಣಿಯ ಲೆಕ್ಕ ತೀರಿಸಿ ಉಳಿದ ಹಣ ಮರಳಿಸಬೇಕು. ಇವನ್ನು ತಿಳಿಯದೆ ಸಹಿ ಹಾಕಿದವನಿಗೆ ತನ್ನ ಹಕ್ಕು ಯಾವುದೆಂಬುದೇ ಗೊತ್ತಿರುವುದಿಲ್ಲ.

ಚಾಲಕನ ಸುಖ ಅನಗತ್ಯವೆಂದು ಇದರ ಅರ್ಥವಲ್ಲ. ಭಾರತದಲ್ಲೂ 2025ರ ಅಕ್ಟೋಬರ್ 1ರಿಂದ ತಯಾರಾಗುವ ಮಧ್ಯಮ ಮತ್ತು ಭಾರೀ ಸರಕು ವಾಹನಗಳ ಕ್ಯಾಬಿನ್ನಿಗೆ ಹವಾನಿಯಂತ್ರಣ ಕಡ್ಡಾಯವಾಗಿದೆ. ದಣಿದ ಚಾಲಕ ತನಗೂ ಅಪಾಯ, ದಾರಿಹೋಕರಿಗೂ ಅಪಾಯ. ಪ್ರಶ್ನೆ ಇರುವುದು ಯಾವುದು ಮೊದಲು ಎಂಬುದರಲ್ಲಿ. ಸರಕು ಯಾವುದು, ಕೊಡುವವರು ಯಾರು ಎಂದು ಗೊತ್ತುಮಾಡಿಕೊಂಡ ಬಳಿಕ ಅದಕ್ಕೆ ತಕ್ಕ ಟ್ರಕ್ಕು ಕಟ್ಟಿಸಿದವನಿಗೆ ಕೋಣೆ ಮನೆಯಾಗುತ್ತದೆ. ಮೊದಲೇ ಕಟ್ಟಿಸಿ ಆಮೇಲೆ ಸರಕು ಹುಡುಕಿದವನಿಗೆ ಅದೇ ಹೊರೆಯಾಗುತ್ತದೆ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದರು ಹಿರಿಯರು. ಸಾಲ ತೆಗೆದು ಲಾರಿಯನ್ನೋ ಟ್ಯಾಕ್ಸಿಯನ್ನೋ ಕೊಳ್ಳಲು ಹೊರಟ ಮಕ್ಕಳಿಗೂ, ಆ ಸಾಲಕ್ಕೆ ಜಾಮೀನು ನಿಲ್ಲುವ ತಂದೆತಾಯಿಯರಿಗೂ ಈ ಮಾತು ಸಲ್ಲುತ್ತದೆ.