ಲೆನ್ಸ್ ಕೂರಲಿಲ್ಲ ಅಂದರೆ ಕಣ್ಣು ಹೋಯಿತು ಅಂತಲ್ಲ

ಪೊರೆ ಆಪರೇಷನ್ ಮುಗಿಸಿ ಬಂದವರನ್ನು ನಮ್ಮ ರೂಪನಗುಡಿ ಕಡೆ ಎಲ್ಲರೂ ಕೇಳುವುದು ಒಂದೇ ಮಾತು: 'ಕಣ್ಣು ಕಾಣ್ತಾವೇನು?' ಇನ್ನೊಂದು ಮಾತನ್ನೂ ಕೇಳಬೇಕು ಎನ್ನುತ್ತೇವೆ ನಾವು: 'ಲೆನ್ಸ್ ಹಾಕ್ಯಾರೇನು? ಎಲ್ಲಿ ಕೂರಿಸ್ಯಾರ?'

ಕಣ್ಣಿನೊಳಗಿನ ಲೆನ್ಸ್ ಒಂದು ತೆಳ್ಳನೆಯ ಚೀಲದಲ್ಲಿರುತ್ತದೆ. ಆ ಚೀಲವನ್ನು ಸುತ್ತಲೂ ಬಲು ಸಣ್ಣ ಎಳೆಗಳು ಹಿಡಿದಿರುತ್ತವೆ. ಪೊರೆ ಬಂದಾಗ ಡಾಕ್ಟರು ಮಂಜಾದ ಲೆನ್ಸ್ ತೆಗೆದು, ಅದೇ ಚೀಲದಲ್ಲಿ ಕೃತಕ ಲೆನ್ಸ್ ಇಡುತ್ತಾರೆ. ಹೆಚ್ಚಿನವರಿಗೆ ಇಷ್ಟರಲ್ಲೇ ಮುಗಿಯುತ್ತದೆ. ಕೆಲವರಿಗೆ ಮಾತ್ರ ಚೀಲ ಹರಿಯುತ್ತದೆ, ಇಲ್ಲವೇ ಎಳೆಗಳು ಸಡಿಲವಾಗಿರುತ್ತವೆ. ಪೊರೆ ತೀರಾ ಬಲಿಯುವ ತನಕ ಬಿಟ್ಟವರಿಗೆ, ಎತ್ತಿನ ಕೊಂಬೋ ಹತ್ತಿ ಕಟ್ಟಿಗೆಯೋ ಕಲ್ಲಿನ ಚೂರೋ ಕಣ್ಣಿಗೆ ಬಡಿದವರಿಗೆ ಈ ಅಪಾಯ ಜಾಸ್ತಿ. ನುರಿತ ಡಾಕ್ಟರ ಕೈಯಲ್ಲೂ ಹೀಗಾಗಬಹುದು, ಅದಕ್ಕೆ ಯಾರನ್ನೂ ಬೈಯಬೇಕಿಲ್ಲ. ಆದರೆ ಆದದ್ದನ್ನು ಹೇಳದೆ ಮನೆಗೆ ಕಳಿಸುವುದನ್ನು ನಾವು ಒಪ್ಪುವುದಿಲ್ಲ.

ಡಾ. ಎಂ.ಸಿ. ಮೋದಿಯವರು ಊರೂರು ತಿರುಗಿ ಕಣ್ಣಿನ ಕ್ಯಾಂಪ್ ಮಾಡುತ್ತಿದ್ದ ಕಾಲದಲ್ಲಿ ಪೊರೆ ತೆಗೆದು ಸೋಡಾಬುಡ್ಡಿ ಕನ್ನಡಕ ಕೊಡುವುದೇ ರೂಢಿ. ಲಂಡನ್ನಿನಲ್ಲಿ ಹೆರಾಲ್ಡ್ ರಿಡ್ಲಿ 1949ರಲ್ಲೇ ಮೊದಲ ಕೃತಕ ಲೆನ್ಸ್ ಇಟ್ಟಿದ್ದರೂ, ಅದು ಹಳ್ಳಿಯವರಿಗೆ ಸಿಗಲು ದಶಕಗಳೇ ಹಿಡಿದವು. ಆ ಕನ್ನಡಕ ಲಕ್ಷಾಂತರ ಜನರಿಗೆ ದಾರಿ ತೋರಿಸಿತು, ನಿಜ. ಆದರೆ ಒಂದು ಕಣ್ಣು ಚೆನ್ನಾಗಿದ್ದು ಇನ್ನೊಂದಕ್ಕೆ ಮಾತ್ರ ಲೆನ್ಸ್ ಇಲ್ಲದಿದ್ದರೆ ಅದು ನಡೆಯುವುದಿಲ್ಲ. ಆ ಕಣ್ಣಿಗೆ ಎಲ್ಲವೂ ಸುಮಾರು ಕಾಲು ಭಾಗ ದೊಡ್ಡದಾಗಿ ಕಾಣುತ್ತದೆ, ಒಂದು ವಸ್ತು ಎರಡಾಗುತ್ತದೆ.

ಚೀಲ ಕೈಕೊಟ್ಟ ಕಣ್ಣಿಗೂ ಈಗ ದಾರಿಗಳಿವೆ. ಚೀಲದ ಮುಂದಿನ ಅಂಚು ಗಟ್ಟಿಯಿದ್ದರೆ ಅದರ ಮೇಲೆಯೇ ಲೆನ್ಸ್ ಕೂರಿಸಬಹುದು. ಇಲ್ಲವಾದರೆ ಕಣ್ಣಿನ ಬಣ್ಣದ ಪರದೆಗೆ ಏಡಿ ಕೊಂಡಿಯಂತೆ ಕಚ್ಚಿ ಕೂರುವ ಲೆನ್ಸ್ ಇದೆ. ಕಣ್ಣಿನ ಬಿಳಿ ಗೋಡೆಗೆ ದಾರದಿಂದ ಹೊಲಿಯುವ ಪದ್ಧತಿಯೂ ಉಂಟು, ಆದರೆ ಸಣ್ಣ ದಾರ ವರ್ಷಗಳ ಮೇಲೆ ಕಡಿಯಬಹುದು. ಚೆನ್ನೈನ ಡಾ. ಅಮರ್ ಅಗರ್‌ವಾಲ್ 2007ರಲ್ಲಿ ಲೆನ್ಸಿನ ಎರಡು ಕಾಲುಗಳನ್ನು ಬಿಳಿ ಗೋಡೆಯೊಳಗೆ ತೂರಿಸಿ, ಅಂಟಿನಿಂದ ಮುಚ್ಚುವ ವಿಧಾನ ತಂದರು. ಜಪಾನಿನ ಶಿನ್ ಯಮಾನೆ 2017ರಲ್ಲಿ ಪ್ರಕಟಿಸಿದ ವಿಧಾನದಲ್ಲಿ ದಾರವೂ ಇಲ್ಲ, ಅಂಟೂ ಇಲ್ಲ. ಸಣ್ಣ ಸೂಜಿಯಿಂದ ಕಾಲುಗಳನ್ನು ಹೊರಗೆಳೆದು, ತುದಿಗೆ ಬಿಸಿ ತಾಗಿಸಿ ಗುಂಡು ಮಾಡುತ್ತಾರೆ. ಮೊಳೆಯ ತಲೆಯಂತೆ ಅದು ಅಲ್ಲೇ ಹಿಡಿದು ನಿಲ್ಲುತ್ತದೆ. ಯಾರಿಗೆ ಯಾವುದು ಎಂಬುದನ್ನು ಕಣ್ಣು ನೋಡಿ ಡಾಕ್ಟರೇ ಹೇಳಬೇಕು.

ಹಾಗಾಗಿ ನಾವು ಕೇಳುವುದು ಎರಡು. ಮೊದಲನೆಯದು, ಡಿಸ್ಚಾರ್ಜ್ ಕಾರ್ಡಿನಲ್ಲಿ ಕನ್ನಡದಲ್ಲಿ ನಾಲ್ಕು ಸಾಲು ಬರೆಯಲಿ: ಲೆನ್ಸ್ ಹಾಕಿದೆಯೋ ಇಲ್ಲವೋ, ಎಲ್ಲಿ ಕೂರಿಸಿದೆ, ಮುಂದೆ ಯಾವಾಗ ಬರಬೇಕು, ಯಾರನ್ನು ನೋಡಬೇಕು. ಎರಡನೆಯದು, ಕ್ಯಾಂಪ್ ಮಾಡುವವರು ಈ ಎರಡನೇ ಆಪರೇಷನ್ನನ್ನೂ ತಮ್ಮ ಲೆಕ್ಕಕ್ಕೇ ಸೇರಿಸಿಕೊಳ್ಳಲಿ. ಬಳ್ಳಾರಿಯಲ್ಲಿ ಆಗದಿದ್ದರೆ ಎಲ್ಲಿ ಆಗುತ್ತದೆ ಎಂದು ಚೀಟಿ ಬರೆದು ಕಳಿಸಲಿ.

ಇದನ್ನೆಲ್ಲ ಹೇಳಿದರೆ ಜನ ಹೆದರಿ ಆಪರೇಷನ್ನಿಗೇ ಬರುವುದಿಲ್ಲ ಎನ್ನುವವರಿದ್ದಾರೆ. ನಮಗೆ ಕಾಣುವುದು ಬೇರೆ. ಕಾರಣ ತಿಳಿಯದೆ ಒಬ್ಬ ಅಜ್ಜಿಯ ಕಣ್ಣು ಮಂಜಾಗಿಯೇ ಉಳಿದರೆ, ಇಡೀ ಓಣಿಯೇ ಹಿಂದೆ ಸರಿಯುತ್ತದೆ.

ನಿಮ್ಮ ಮನೆಯಲ್ಲಿ ಅಂಥವರಿದ್ದರೆ ಹಳೆಯ ಕಾರ್ಡ್ ಹುಡುಕಿ, ಕಣ್ಣಿನ ಡಾಕ್ಟರಿಗೆ ತೋರಿಸಿ. ಕಣ್ಣಲ್ಲಿ ಮಿಂಚು ಹೊಳೆದರೆ, ಕಪ್ಪು ಚುಕ್ಕೆಗಳು ಒಮ್ಮೆಲೇ ಹೆಚ್ಚಾದರೆ, ಪರದೆ ಇಳಿದಂತಾದರೆ, ನೋವು ಬಂದು ಕಣ್ಣು ಕೆಂಪಾದರೆ ಅದೇ ದಿನ ಹೋಗಿ. ಸಂತೆ ದಿನದ ತನಕ ಕಾಯಬೇಡಿ.