ಆಫೀಸಲ್ಲಿ ಕದ್ದು ನೋಡಿದ ಚಂದ್ರಯಾನ

2023ರ ಆಗಸ್ಟ್ 23, ಬುಧವಾರ ಸಾಯಂಕಾಲ. ಇಲ್ಲಿ ವಿದುರಾಶ್ವತ್ಥದಲ್ಲಿ ನಾವೆಲ್ಲ ಒಲೆ ಮೇಲಿನ ಸಾರು ಮರೆತು ದೂರದರ್ಶನದ ಮುಂದೆ ಕೂತಿದ್ವಲ್ಲ, ಗ್ಯಾಪಕ ಐತಾ ಅಕ್ಕಯ್ಯ? 6 ಗಂಟೆ 4 ನಿಮಿಷಕ್ಕೆ ವಿಕ್ರಂ ಚಂದ್ರನ ಮೇಲೆ ಇಳೀತು. ನಮ್ಮತ್ತೆ ಕೈ ಮುಗಿದ್ರು.

ಅದನ್ನ ಇಳಿಸಿದ ಇಸ್ರೋದೋರು ಬೆಂಗಳೂರಿನ ಪೀಣ್ಯದಲ್ಲಿ ಕೂತಿದ್ರು. ಅದೇ ಬೆಂಗಳೂರಲ್ಲಿ ನನ್ನ ತಂಗಿ ಮಗಳು ಆಫೀಸಲ್ಲಿ ಕದ್ದು ನೋಡ್ತಿದ್ಲು! ಅಲ್ಲಿ ಯೂಟ್ಯೂಬಿಗೆ ಬೀಗ. ಇವಳು ಆಫೀಸಿನ ಲ್ಯಾಪ್‌ಟಾಪಿಗೇ ಬಿಟ್ಟಿ ವಿಪಿಎನ್ ಹಾಕ್ಕೊಂಡವ್ಳೆ. ಅಂದ್ರೆ ಕಾಗದಾನ ಕವರಲ್ಲಿಟ್ಟು ಅಂಟಿಸಿ, ಬೇರೆ ಯಾರದೋ ಮನೆ ಮೇಲೆ ಕಳಿಸಿದಂಗೆ. ಬಾಗಿಲು ಕಾಯೋನಿಗೆ ಒಳಗೇನೈತೆ ಅಂತ ಗೊತ್ತಾಗಲ್ಲ. ಆದ್ರೆ ಆ ಮನೆಯೋರು ಎಂಥೋರೋ? ಹೋಗೋದು ಬರೋದೆಲ್ಲ ಅವರ ಕೈ ದಾಟೇ ಹೋಗ್ಬೇಕು. ಮಾರನೇ ದಿನ ನೋಟೀಸು ಬಂತು. ಪಾಪ, ಎರಡು ದಿನ ಸರಿಯಾಗಿ ಉಣ್ಣಲಿಲ್ಲ ಹುಡುಗಿ.

ತಪ್ಪು ಅವಳದೇ, ಸುಮ್ನೆ ವಹಿಸ್ಕೊಂಡು ಮಾತಾಡಲ್ಲ. ಸ್ವಂತ ಫೋನು, ಸ್ವಂತ ಡೇಟಾ ಇತ್ತಲ್ಲ. ಎಲ್ಲಾರೂ ಒಟ್ಟಿಗೆ ವಿಡಿಯೋ ಹಾಕಿದ್ರೆ ಆಫೀಸಿನ ಲೈನು ನಿಧಾನ ಆಗೋದೂ ದಿಟವೇ.

ಆದ್ರೆ ಆಫೀಸಿನೋರು ಒಂದು ಟಿವಿ ಇಟ್ಟು ಅರ್ಧ ಗಂಟೆ ತೋರಿಸಿದ್ರೆ ಏನು ಗಂಟು ಹೋಗ್ತಿತ್ತು? ದೂರದರ್ಶನಕ್ಕೆ ಇಂಟರ್ನೆಟ್ಟೂ ಬೇಡ. ಶಾಲೆಗಳಲ್ಲೇ ಮಕ್ಕಳನ್ನ ಕೂಡಿಸಿ ತೋರಿಸಿದ್ರು. ಎದುರು ಮನೆ ಗಾರ್ಮೆಂಟ್ಸ್ ಹುಡುಗೀನ ಕೇಳಿದೆ, ನೀನು ನೋಡಿದ್ಯಾ ಅಂತ. "ಮಿಷನ್ ಮುಂದೆ ಕದಿಯೋಕಾದ್ರೂ ಎಲ್ಲೈತೆ ಪುರುಸೊತ್ತು, ಆಂಟಿ? ಬಸ್ಸಲ್ಲಿ ಬರ್ತಾ ಯಾರೋ ಹೇಳಿದ್ರು" ಅಂದ್ಲು.